ಅರ್ಧ ದಾರಿಗೆ ನಿಂತ ನಾಟಕಗಳು

ಬಿ.ಎಂ. ಶ್ರೀಕಂಠಯ್ಯನವರ ಹೆಸರಿನ ಮೊದಲಕ್ಷರದಲ್ಲಿರುವ ಬೆಳ್ಳೂರು ನಾಗಮಂಗಲ ತಾಲ್ಲೂಕಿನದು. ಅವರು ಹುಟ್ಟಿದ್ದು ತುಮಕೂರು ಸೀಮೆಯ ಸಂಪಿಗೆಯಲ್ಲಿ, 1884ರಲ್ಲಿ. ಕೆ.ಆರ್. ಪೇಟೆ ಕಡೆಯ ಅಕ್ಕಿಹೆಬ್ಬಾಳು ಎ.ಎನ್. ಮೂರ್ತಿರಾಯರ ಊರು, ಪಾಂಡವಪುರ ತಾಲ್ಲೂಕಿನ ಮೇಲುಕೋಟೆ ಪು.ತಿ. ನರಸಿಂಹಾಚಾರ್ಯರದು. ಇವರಿಗೆಲ್ಲ ಹಿರಿಯನಾಗಿ ಶ್ರೀರಂಗಪಟ್ಟಣದಲ್ಲಿ ಚಿಕ್ಕದೇವರಾಜನ ಆಸ್ಥಾನದ ಸಿಂಗರಾರ್ಯ ಕೂತಿದ್ದಾನೆ. ಕನ್ನಡ ನಾಟಕ ಸಾಹಿತ್ಯದ ಚರಿತ್ರೆ ಬರೆಯುವವರು ಮಂಡ್ಯ ಸೀಮೆಯ ಈ ನಾಲ್ಕು ತಾಲ್ಲೂಕುಗಳನ್ನು ಬಿಟ್ಟು ಮುಂದೆ ಹೋಗಲಾರರು. ಹಾಗಿದ್ದೂ ಈ ಸೀಮೆಯ ಹಳ್ಳಿಗಳಲ್ಲಿ ರಾತ್ರಿಯಿಡೀ ನಾಟಕ ನೋಡುವ ಜನಕ್ಕೆ ಇವರ ನಾಟಕಗಳು ಗೊತ್ತಿಲ್ಲ. ಅದನ್ನು ಜನರ ತಪ್ಪೆಂದು ಹೇಳಿ ಕೈತೊಳೆದುಕೊಳ್ಳುವುದು ನಮ್ಮ ವಿಮರ್ಶೆಗೆ ಅಭ್ಯಾಸವಾಗಿಬಿಟ್ಟಿದೆ. ತಪ್ಪಿನಲ್ಲಿ ನಾಟಕಗಳಿಗೂ ಪಾಲಿದೆ ಎಂಬುದು ನನ್ನ ವಾದ.

ಸಿಂಗರಾರ್ಯನ ‘ಮಿತ್ರವಿಂದಾ ಗೋವಿಂದ’ 17ನೇ ಶತಮಾನದ ಕೊನೆಯ ಭಾಗದ್ದು. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ನಾಟಕ. ಅದೂ ಸ್ವಂತದ್ದಲ್ಲ, ಹರ್ಷನ ‘ರತ್ನಾವಳಿ’ಯ ಉದಯನನ ಜಾಗದಲ್ಲಿ ಕೃಷ್ಣ ಬಂದು ಕೂತಿದ್ದಾನೆ, ಅಷ್ಟೆ. ಅರಮನೆಯ ಪಂಡಿತರಿಗೆ ರುಚಿಸಿರಬಹುದು. ಅದರ ಹಿಂದೆ ಒಂದು ಪರಂಪರೆ ಬೆಳೆಯಲಿಲ್ಲ. ಊರ ಅಂಗಳದ ಮೂಡಲಪಾಯ ಬಯಲಾಟ ಮಾತ್ರ ಭಾಗವತರ ಪದ, ಮುಖವೀಣೆಯ ಜೊತೆ ತನ್ನ ಪಾಡಿಗೆ ತಾನು ನಡೆಯುತ್ತಿತ್ತು. ಹೊರಗಿನ ಕತೆಯನ್ನು ತಂದು ನಮ್ಮ ದೇವರ ಹೆಸರಿಡುವ ಸಿಂಗರಾರ್ಯನ ದಾರಿ ಮಾತ್ರ ಸಾಯದೆ ಇಪ್ಪತ್ತನೇ ಶತಮಾನದ ತನಕ ಬಂತು.

ಆ ದಾರಿಯನ್ನು ಹೆದ್ದಾರಿ ಮಾಡಿದವರು ಬಿ.ಎಂ.ಶ್ರೀ. 1926ರ ‘ಗದಾಯುದ್ಧ ನಾಟಕಂ’ನಲ್ಲಿ ರನ್ನನ ಕಾವ್ಯದ ಪದ್ಯಗಳನ್ನೇ ಆಯ್ದು ಜೋಡಿಸಿ ರುದ್ರನಾಟಕ ಕಟ್ಟಿದರು. ರನ್ನನಿಗೆ ನಾಯಕ ಭೀಮ. ಆಶ್ರಯದಾತ ದೊರೆಯನ್ನು ಭೀಮನಿಗೆ ಸಮೀಕರಿಸಬೇಕಾದ ಕಟ್ಟು ಅವನಿಗಿತ್ತು. ಆದರೂ ಕವಿಯ ಮನಸ್ಸು ದುರ್ಯೋಧನನ ಕಡೆಗೆ ಜಾರುವುದನ್ನು ಬಿ.ಎಂ.ಶ್ರೀ ಕಂಡರು, ಗ್ರೀಕ್ ನಾಟಕ ಓದಿದ ಕಣ್ಣಿನಿಂದ ಕಂಡರು. ಇದು ವಿಮರ್ಶಕನೊಬ್ಬ ಕತ್ತರಿ ಹಿಡಿದು ಮಾಡಿದ ಸೃಷ್ಟಿ. ಮೂರು ವರ್ಷದ ನಂತರ ಬಂದ ‘ಅಶ್ವತ್ಥಾಮನ್’ ಇನ್ನೂ ಧೈರ್ಯದ್ದು. ಸೋಫೋಕ್ಲಿಸನ ‘ಅಯಾಸ್’ ನಾಟಕದ ಹುಚ್ಚು, ಅವಮಾನ, ಆತ್ಮಹತ್ಯೆಗಳನ್ನು ಚಿರಂಜೀವಿಯ ತಲೆಗೆ ಕಟ್ಟಿದರು. ಸಾವಿಲ್ಲದವನನ್ನು ಸಾಯಿಸಿದ್ದಕ್ಕೆ ಆಕ್ಷೇಪ ಎದ್ದದ್ದು ಸಹಜ. ನನಗೆ ಆ ಸಾವಿನ ಬಗ್ಗೆ ತಕರಾರಿಲ್ಲ. ತಕರಾರಿರುವುದು ಅವನು ಆಡುವ ಭಾಷೆಯ ಬಗ್ಗೆ. ಹಳಗನ್ನಡದ ಗಾಂಭೀರ್ಯವನ್ನು ಕಿವಿ ಗೌರವಿಸುತ್ತದೆ, ಆದರೆ ನಟನ ಬಾಯಿ ಪ್ರತಿ ಸಾಲಿಗೂ ತಡವರಿಸುತ್ತದೆ. ಇಂಗ್ಲಿಷ್ ಗೀತೆಗಳಿಗೆ ಹೊಸಗನ್ನಡದ ನಡೆ ಹುಡುಕಿಕೊಟ್ಟವರೇ ನಾಟಕಕ್ಕೆ ಬಂದಾಗ ಹಿಂದಕ್ಕೆ ನಡೆದದ್ದು ನಮ್ಮ ಸಾಹಿತ್ಯದ ಒಂದು ವಿಚಿತ್ರ. 1935ರ ‘ಪಾರಸಿಕರು’ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಓದುವ ಪುಸ್ತಕ.

ಗ್ರೀಕರನ್ನು ಬಳಸಿಕೊಳ್ಳಲು ಬೇರೆ ದಾರಿಯೂ ಇತ್ತು. ಜರ್ಮನ್ ನಾಟಕಕಾರ ಬ್ರೆಕ್ಟ್ 1948ರಲ್ಲಿ ಸ್ವಿಟ್ಜರ್ಲೆಂಡಿನ ಖೂರ್ ಪಟ್ಟಣದಲ್ಲಿ ಸೋಫೋಕ್ಲಿಸನ ‘ಆಂಟಿಗೊನೆ’ ಆಡಿಸಿದ. ಅವನು ಹಿಡಿದದ್ದು ಹೋಲ್ಡರ್ಲಿನ್ ಮಾಡಿದ್ದ ಹಳೆಯ ಜರ್ಮನ್ ಅನುವಾದವನ್ನು, ಬಿ.ಎಂ.ಶ್ರೀಗೆ ರನ್ನ ಇದ್ದ ಹಾಗೆ. ಆದರೆ ನಾಟಕಕ್ಕೆ ಮೊದಲು 1945ರ ಬರ್ಲಿನ್ನಿನ ಒಂದು ದೃಶ್ಯ ಸೇರಿಸಿ, ಆಗ ತಾನೇ ಯುದ್ಧ ಮುಗಿದಿದ್ದ ತನ್ನ ಊರನ್ನೇ ಗ್ರೀಕ್ ಕತೆಯೊಳಗೆ ನುಗ್ಗಿಸಿದ. ನಮ್ಮವರು ಗ್ರೀಕರನ್ನು ಮಹಾಭಾರತದೊಳಕ್ಕೆ ಕರೆತಂದರೇ ಹೊರತು ಬೆಳ್ಳೂರಿನ ತನಕ ಕರೆತರಲಿಲ್ಲ. 1929ರ ಮೈಸೂರು ಸೀಮೆಯಲ್ಲಿ ಅಶ್ವತ್ಥಾಮನ ಅವಮಾನಕ್ಕೆ ಸಾಟಿಯಾದದ್ದು ಏನೂ ಇರಲಿಲ್ಲವೇ?

ಮೂರ್ತಿರಾಯರು ಈ ಪ್ರಶ್ನೆಗೆ ಸದ್ದಿಲ್ಲದೆ ಉತ್ತರ ಕೊಟ್ಟವರು. ಮೋಲಿಯೇರನ ‘ತಾರ್ತೂಫ್’ ಅವರ ಕೈಯಲ್ಲಿ ‘ಆಷಾಢಭೂತಿ’ ಆಯಿತು. ಡಾಂಭಿಕ ಸನ್ಯಾಸಿಗೆ ಈ ದೇಶದಲ್ಲಿ ಬರವೇ? ಪಾತ್ರಗಳು ಮನೆಮಾತು ಆಡುತ್ತವೆ, ನಗು ತಾನಾಗಿ ಬರುತ್ತದೆ. ಹವ್ಯಾಸಿಗಳು ಇದನ್ನು ಆಡಿದರು, ಜನ ನಕ್ಕರು. ಪಠ್ಯಪುಸ್ತಕದ ಮಹತ್ವಾಕಾಂಕ್ಷೆ ಇದಕ್ಕಿಲ್ಲದ ಕಾರಣ ವಿಮರ್ಶಕರು ಇದನ್ನು ಲಘುವಾಗಿ ಕಂಡರು. ಮುಂದೆ ‘ದೇವರು’ ಬರೆದ ಮನಸ್ಸಿನ ಮೊದಲ ಬೀಜ ಈ ಹಾಸ್ಯದಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ.

ಪು.ತಿ.ನ. ಯಾರ ಕತೆಯನ್ನೂ ಕಡ ತರಬೇಕಾಗಲಿಲ್ಲ. ಅವರು ಶುರುಮಾಡಿದ್ದೇ ಹಾಡಿನಿಂದ. ‘ಅಹಲ್ಯೆ’, ‘ಗೋಕುಲ ನಿರ್ಗಮನ’ಗಳಲ್ಲಿ ರಾಗವೇ ಘಟನೆ. ಪದ್ಯದ ಜೊತೆ ಅದರ ಧಾಟಿಯನ್ನೂ ಕೇಳಿಸಿಕೊಂಡು ಬರೆದವರು, ಹೊಸ ರಾಗಗಳನ್ನೂ ಹುಡುಕಿದವರು ಅವರು. ಕೃಷ್ಣ ಗೋಕುಲ ಬಿಟ್ಟು ಹೊರಡುವುದಷ್ಟೇ ‘ಗೋಕುಲ ನಿರ್ಗಮನ’ದ ಕತೆ, ಅದರಲ್ಲಿ ಜಗಳವಿಲ್ಲ, ಖಳನಿಲ್ಲ. ಓದಿದರೆ ತೆಳುವಾಗಿ ಕಾಣುವ ಇದು ಹಾಡಿದಾಗ ತುಂಬಿಕೊಳ್ಳುತ್ತದೆ. ಬಿ.ವಿ. ಕಾರಂತರು ಆಡಿಸಿದಾಗ ಅದು ರುಜುವಾತಾಯಿತು. ಆದರೆ ಅದಕ್ಕೆ ಒಬ್ಬ ಕಾರಂತ ಬೇಕಾಯಿತು ಎನ್ನುವುದನ್ನೂ ಹೇಳಬೇಕು. ಪು.ತಿ.ನ. ಅವರ ಸಂಗೀತ ಮೇಲುಕೋಟೆಯ ದೇವಸ್ಥಾನದ ಪ್ರಾಕಾರದ್ದು, ಬೆಟ್ಟ ಇಳಿದು ಬಯಲಿಗೆ ಬಂದದ್ದಲ್ಲ.

ಬಯಲಿನಲ್ಲಿ ಆಗುತ್ತಿದ್ದದ್ದು ‘ಕುರುಕ್ಷೇತ್ರ’. ಕಂಪನಿ ನಾಟಕದಿಂದ ಹಳ್ಳಿಗೆ ಇಳಿದ ಆ ಆಟ ಮಂಡ್ಯ ಸೀಮೆಯಲ್ಲಿ ಇವತ್ತಿಗೂ ನಿಂತಿಲ್ಲ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸುತ್ತಾರೆ, ಬಾಡಿಗೆಯ ಸೀನು ಬರುತ್ತದೆ, ಪಾತ್ರ ಹಾಕುವವರು ಕೈಯಿಂದ ದುಡ್ಡು ಕಟ್ಟುತ್ತಾರೆ. ಕೃಷ್ಣ, ದುರ್ಯೋಧನ ಪಾತ್ರಗಳಿಗೆ ಹೆಚ್ಚು ದುಡ್ಡು, ಹೆಚ್ಚು ಪೈಪೋಟಿ. ಕಬ್ಬು ಬೆಳೆಯುವ ರೈತ ಗದೆ ಹೊತ್ತು ಏರು ದನಿಯಲ್ಲಿ ಕಂದ ಹಾಡಿದರೆ ‘ಒನ್ಸ್ ಮೋರ್’ ಬೀಳುತ್ತದೆ, ಅವನು ಮತ್ತೆ ಹಾಡುತ್ತಾನೆ. ಬಿ.ಎಂ.ಶ್ರೀ ರನ್ನನಲ್ಲಿ ಕಂಡ ಛಲದ ದುರ್ಯೋಧನನನ್ನು ಈ ಜನ ಗ್ರೀಕರ ಸಹಾಯವಿಲ್ಲದೆ ತಮ್ಮವನನ್ನಾಗಿ ಮಾಡಿಕೊಂಡಿದ್ದರು. ಇದನ್ನು ಹೊಗಳಿ ಅಟ್ಟಕ್ಕೇರಿಸುವ ಉದ್ದೇಶ ನನಗಿಲ್ಲ. ಸಂಭಾಷಣೆ ಸವೆದ ನಾಣ್ಯದಂತಿರುತ್ತದೆ, ಕತೆ ಗಂಟೆಗಟ್ಟಲೆ ನಿಂತಲ್ಲೇ ನಿಲ್ಲುತ್ತದೆ. ಆದರೆ ನಟನಿಗೂ ನೋಡುವವನಿಗೂ ನಡುವಿನ ಒಪ್ಪಂದ ಇಲ್ಲಿ ಗಟ್ಟಿಯಾಗಿದೆ, ಲಿಖಿತ ನಾಟಕಕ್ಕೆ ಅದು ದಕ್ಕಲಿಲ್ಲ.

ಎರಡನ್ನೂ ಬಲ್ಲವರು ಇಲ್ಲದಿರಲಿಲ್ಲ. ನಾಗಮಂಗಲ ತಾಲ್ಲೂಕಿನವರೇ ಆದ ಎಚ್.ಎಲ್. ನಾಗೇಗೌಡರು ‘ದೊಡ್ಡಮನೆ’ಯಂಥ ಕಾದಂಬರಿ ಬರೆದರು, ಜಾನಪದ ಲೋಕವನ್ನು ಕಟ್ಟಿದರು. ಅದೇ ತಾಲ್ಲೂಕಿನ ಜೀಶಂಪ ಊರೂರು ತಿರುಗಿ ಜನಪದ ಕಾವ್ಯ, ಬಯಲಾಟಗಳನ್ನು ವಿದ್ವತ್ತಿನ ಅಂಗಳಕ್ಕೆ ತಂದರು. ಆದರೆ ಇಬ್ಬರೂ ಕೂಡಿಟ್ಟದ್ದು ಸಂಶೋಧನೆಗೆ ಒದಗಿದಷ್ಟು ನಾಟಕಕ್ಕೆ ಒದಗಲಿಲ್ಲ. ಆ ಹೊತ್ತಿಗೆ ಬಯಲಾಟದ ಸೊಗಡನ್ನು ಹೊಸ ನಾಟಕಕ್ಕೆ ತರುವ ಕೆಲಸ ಉತ್ತರ ಕರ್ನಾಟಕದಲ್ಲಿ ಚಂದ್ರಶೇಖರ ಕಂಬಾರರ ಕೈಗೆ ಹೋಗಿತ್ತು.

ಹಾಗಾಗಿ ‘ಅಶ್ವತ್ಥಾಮನ್’ ನಾಟಕವನ್ನು ತರಗತಿಯ ಟಿಪ್ಪಣಿಗಳಿಂದ ಬಿಡಿಸಿ, ಹತ್ತಾರು ‘ಕುರುಕ್ಷೇತ್ರ’ ಮಾಡಿಸಿದ ಮೇಷ್ಟ್ರೊಬ್ಬರ ಕೈಗೆ ಕೊಟ್ಟು ನೋಡಬಹುದು. ಮೇಳದವರ ಜೊತೆ ನಾಲ್ಕು ಬೀದಿಯ ಪಾತ್ರಧಾರಿಗಳೇ ಸಾಕು. ಹಾಡಲು ಬರುವ ಸಾಲನ್ನು ಅವರು ಕಂದ ಮಾಡಿಕೊಳ್ಳಲಿ, ಬಾಯಿಗೆ ಸಿಕ್ಕದ್ದನ್ನು ಕತ್ತರಿಸಲಿ. ರನ್ನನಿಗೆ ಬಿ.ಎಂ.ಶ್ರೀ ಮಾಡಿದ್ದೂ ಅದನ್ನೇ.