ವೈರಿಯ ಮುಖವನ್ನು ನೋಡಿ: ಟ್ಯಾಂಕ್ ಆಟದ ರಸಿಕರಿಗೊಂದು ಕೈಪಿಡಿ

ಇಂದು ಸೇಡಂ ತಾಲ್ಲೂಕಿನ ಒಂದು ಊರಾಗಿರುವ ಮಳಖೇಡವೇ ಹಿಂದೆ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟ. ಅಲ್ಲಿಂದ ಆಳಿದ ಮುಮ್ಮಡಿ ಕೃಷ್ಣನ ಕಾಲದ, ಸುಮಾರು ಕ್ರಿ.ಶ. 949ರ ಆತಕೂರು ಶಾಸನವು, ಕಾಡುಹಂದಿಯನ್ನು ಎದುರಿಸಿ ಅದರೊಡನೆ ತಾನೂ ಮಡಿದ ಕಾಳಿ ಎಂಬ ಬೇಟೆನಾಯಿಯ ಸ್ಮರಣೆಯನ್ನು ಶಿಲೆಯಲ್ಲಿ ಉಳಿಸಿದೆ. ವೈರಿಯ ಕ್ರೋಧಕ್ಕೆ ಎದೆಗೊಟ್ಟು ನಿಲ್ಲುವ ಶೌರ್ಯವನ್ನು ಗೌರವಿಸಬಲ್ಲ ನಾಡಿನವರಿಗೆ, ಆನ್‌ಲೈನ್ ಪಾತ್ರಾಭಿನಯದ ಆಟಗಳಲ್ಲಿ ವೈರಿಯ ಏಟುಗಳನ್ನು ತನ್ನ ಮೇಲೆಳೆದುಕೊಂಡು ತಂಡವನ್ನು ಕಾಯುವ, ‘ಟ್ಯಾಂಕ್’ ಎನಿಸಿಕೊಳ್ಳುವ ಆಟಗಾರನ ಕಲೆಯು ರುಚಿಸದೆ ಇರಲಾರದು. ಅದನ್ನು ನೋಡುವ ಬಗೆಯನ್ನು ಮಾತ್ರ ಕಲಿಯಬೇಕಾಗಿದೆ.

ಮೊದಲು ಆಟದ ಗಣಿತವನ್ನರಿಯಬೇಕು. 2004ರಲ್ಲಿ ಬಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ರಾಕ್ಷಸನು ತನ್ನನ್ನು ಪೀಡಿಸುವ ಒಬ್ಬೊಬ್ಬರ ಮೇಲೂ ದ್ವೇಷದ ಲೆಕ್ಕವೊಂದನ್ನು ಇರಿಸಿಕೊಂಡಿರುವನು. ಆಟಗಾರರು ಇದನ್ನು ಥ್ರೆಟ್ ಎನ್ನುವರು. ಹೊಡೆದವನ ಮೇಲೆ ಮಾತ್ರವಲ್ಲದೆ, ಗಾಯಗೊಂಡವರನ್ನು ಉಪಚರಿಸುವ ಹೀಲರ್‌ನ ಮೇಲೂ ಈ ಲೆಕ್ಕವು ಏರುವುದು. ಟ್ಯಾಂಕ್ ಗಳಿಸಿದ ಥ್ರೆಟ್ 100 ಎಂದಾದರೆ, ಹತ್ತಿರದಿಂದ ಹೊಡೆಯುವವನದು 110ನ್ನು, ದೂರದಿಂದ ಹೊಡೆಯುವವನದು 130ನ್ನು ದಾಟಿದೊಡನೆ ರಾಕ್ಷಸನು ಅತ್ತ ತಿರುಗುವನು. ಆಗ ಟ್ಯಾಂಕ್ ‘ಟಾಂಟ್’ ಎಂಬ ಕೆಣಕುವ ವಿದ್ಯೆಯಿಂದ ಅವನನ್ನು ಕೆಲವು ಕ್ಷಣ ತನ್ನೆಡೆಗೆ ಸೆಳೆದು, ಆ ಅಲ್ಪಾವಕಾಶದಲ್ಲಿಯೇ ಕಳೆದುಕೊಂಡ ಪ್ರಾಧಾನ್ಯವನ್ನು ಮರಳಿ ಸಂಪಾದಿಸಬೇಕು.

ಹೊಸ ಪ್ರೇಕ್ಷಕನ ಕಣ್ಣು ಮಿಂಚುವ ಮಂತ್ರಾಸ್ತ್ರಗಳ ಕಡೆಗೆ ಓಡುವುದು ಸಹಜ. ಅದನ್ನು ತಡೆದು, ವೈರಿಯ ಮುಖವು ಎತ್ತ ಇದೆಯೆಂಬುದನ್ನು ನೋಡಬೇಕು. ಇದೇ ಆಟದ ಓನಿಕ್ಸಿಯಾ ಎಂಬ ಹೆಣ್ಣು ಡ್ರ್ಯಾಗನ್‌ನ ಮುಂದೆ ಬೆಂಕಿಯುಸಿರಿನ ಭಯ, ಹಿಂದೆ ಬಾಲದ ಬೀಸಿನ ಭಯ. ಆಕೆ ನೆಲದ ಮೇಲಿರುವಾಗ ಹೋರಾಡಲು ತಕ್ಕ ಜಾಗವೆಂದರೆ ಎರಡು ಪಕ್ಕಗಳು. ಆಕೆಯ ಮುಖವನ್ನು ತಂಡದಿಂದ ಆಚೆಗೆ ತಿರುಗಿಸಿ, ಅಲ್ಲಿಯೇ ಅಲುಗದಂತೆ ನಿಲ್ಲಿಸಿದ ಟ್ಯಾಂಕ್‌ನಿಂದಾಗಿ, ಮೊದಲ ಆವೃತ್ತಿಯ 40 ಜನರ ತಂಡದಲ್ಲಿ ಉಳಿದವರೆಲ್ಲರೂ ನಿಶ್ಚಿಂತೆಯಿಂದ ತಮ್ಮ ತಮ್ಮ ಕೆಲಸವನ್ನು ಮಾಡುತ್ತಿದ್ದರು. ಹೀಲರ್ ಓಡಬೇಕಾಗಿ ಬಾರದಿರುವುದೇ ಟ್ಯಾಂಕ್‌ನ ನೈಪುಣ್ಯಕ್ಕೆ ಪರಮ ಸಾಕ್ಷಿ.

ಇನ್ನೂ ಸೂಕ್ಷ್ಮವಾದ ರಸಸ್ಥಾನವೆಂದರೆ ಇಬ್ಬರು ಟ್ಯಾಂಕ್‌ಗಳ ನಡುವಣ ಕೈಬದಲಾವಣೆ. ಕೆಲವು ವೈರಿಗಳ ಏಟು ಬಿದ್ದಷ್ಟೂ ತಾಳಿಕೊಳ್ಳುವವನ ಮೇಲೆ ಬಾಧೆಯೊಂದು ಪದರಪದರವಾಗಿ ಕೂಡುತ್ತ ಹೋಗುವುದು. ಅದು ಅಸಹನೀಯವಾಗುವ ಮುನ್ನ ಎರಡನೆಯವನು ಟಾಂಟ್ ಮಾಡಿ ಭಾರವನ್ನು ವಹಿಸಿಕೊಳ್ಳಬೇಕು, ಮೊದಲಿನವನು ತನ್ನ ಏಟುಗಳನ್ನು ತಗ್ಗಿಸಿ ಹಿಂದೆಗೆಯಬೇಕು. ಇಬ್ಬರೂ ಒಂದೇ ಕಡೆ ನಿಂತು ಇದನ್ನು ನೆರವೇರಿಸಿದಾಗ ವೈರಿಯ ದೇಹವು ತುಸುವೂ ತಿರುಗದು. ಹಾಗೆ ತಿರುಗದಿರುವಲ್ಲಿಯೇ ಪರಸ್ಪರ ವಿಶ್ವಾಸದ ಸೌಂದರ್ಯವು ಕಾಣುವುದು.

ಹೊಡೆತದ ಅಂಕಪಟ್ಟಿಯಲ್ಲಿ ಟ್ಯಾಂಕ್‌ನ ಹೆಸರು ಬಹುಮಟ್ಟಿಗೆ ಕೆಳಗೇ ಇರುವುದು. ಸಹೃದಯರು ಆ ಪಟ್ಟಿಯನ್ನು ನಂಬಿ ತೀರ್ಪು ಕೊಡಬಾರದು. ಕಾಳಗ ಮುಗಿದಾಗ ಎಷ್ಟು ಜನ ಉಳಿದಿರುವರೆಂದು ಎಣಿಸಿ, ಮೊದಲ ಶಹಬ್ಬಾಸ್‌ಗಿರಿಯನ್ನು ಟ್ಯಾಂಕ್‌ಗೆ ಸಲ್ಲಿಸಬೇಕು.