ಆರು ಮೀಟರ್ ಅಂದರೆ ಎಷ್ಟು ನೀರು?

ರಜೆ ಹತ್ತಿರ ಬಂದಾಗ ನಮ್ಮ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ತಪ್ಪದೆ ಬರುವ ಪ್ರಶ್ನೆ ಒಂದಿದೆ: "ನನ್ನ ಫೋನ್ ವಾಟರ್‌ಪ್ರೂಫ್ ತಾನೇ? ಸಮುದ್ರಕ್ಕೆ ತಗೊಂಡು ಹೋಗಬಹುದಾ?" ಉತ್ತರವೂ ಸಿದ್ಧವಾಗಿರುತ್ತೆ: "ಐಪಿ68 ಇದೆ ಗುರು, ಧೈರ್ಯವಾಗಿ ಇಳಿ." ಈ ಧೈರ್ಯ ಎಲ್ಲಿಂದ ಬಂತು ಅನ್ನೋದೇ ಇಲ್ಲಿಯ ವಿಷಯ. ನೀರಲ್ಲಿ, ನೀರಿನ ಪಕ್ಕದಲ್ಲಿ ಫೋಟೋ ತೆಗೆಯೋಕೆ ಏನು ಒಯ್ಯಬೇಕು ಅನ್ನೋದನ್ನ ನಾವು ಡಬ್ಬಿಯ ಮೇಲಿನ ಒಂದು ಅಂಕಿ ನೋಡಿ ತೀರ್ಮಾನ ಮಾಡುತ್ತಿದ್ದೇವೆ. ಅಂಕಿ ಸುಳ್ಳಲ್ಲ. ಆದರೆ ನಾವು ಕೇಳಿದ ಪ್ರಶ್ನೆಗೆ ಅದು ಉತ್ತರವೇ ಅಲ್ಲ.

ಮೊದಲು ಅಂಕಿಯನ್ನೇ ನೋಡೋಣ. ಐಪಿ ಅನ್ನೋದು ಐಇಸಿ 60529 ಎಂಬ ಅಂತಾರಾಷ್ಟ್ರೀಯ ಮಾನದಂಡದ ಗುರುತು. ಮೊದಲನೇ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ನೀರಿನ ಜಾಗದಲ್ಲಿ 7 ಇದ್ದರೆ ಒಂದು ಮೀಟರ್ ಆಳದಲ್ಲಿ 30 ನಿಮಿಷ. 8 ಇದ್ದರೆ ಅದಕ್ಕಿಂತ ಕಠಿಣ ಪರೀಕ್ಷೆ, ಆದರೆ ಎಷ್ಟು ಆಳ, ಎಷ್ಟು ಹೊತ್ತು ಅನ್ನೋದನ್ನ ಹೇಳುವವರು ತಯಾರಕರೇ. ಹಾಗಾಗಿ ಐಫೋನ್ 12ಕ್ಕೆ ಆರು ಮೀಟರ್, ಗ್ಯಾಲಕ್ಸಿ ಎಸ್21ಕ್ಕೆ ಒಂದೂವರೆ ಮೀಟರ್. ಎರಡರ ಮೇಲೂ ಬರೆದಿರೋದು ಅದೇ ಐಪಿ68.

ಈ ಪರೀಕ್ಷೆ ನಡೆಯೋದು ಸಿಹಿ ನೀರಲ್ಲಿ, ಅಲುಗಾಡದ ನೀರಲ್ಲಿ, ಹೊಸ ಫೋನಿನ ಮೇಲೆ. ನಮ್ಮ ರಜೆಯ ನೀರು ಹಾಗಿರಲ್ಲ. ಸಮುದ್ರದಲ್ಲಿ ಉಪ್ಪು, ರೆಸಾರ್ಟಿನ ಈಜುಕೊಳದಲ್ಲಿ ಕ್ಲೋರಿನ್, ಜಲಪಾತದಲ್ಲಿ ಮೇಲಿಂದ ರಭಸವಾಗಿ ಬೀಳುವ ಧಾರೆ. ಧಾರೆಗೆ ಬೇರೆಯೇ ಪರೀಕ್ಷೆ ಇದೆ. ಅದರ ಅಂಕಿಗಳು 5 ಮತ್ತು 6. ಎಂಟರಲ್ಲಿ ಪಾಸಾದ ಫೋನು ಆರರಲ್ಲೂ ಪಾಸಾಗಿದೆ ಅಂತ ಅರ್ಥವಿಲ್ಲ. ಇನ್ನು ನಮ್ಮ ಫೋನಾದರೂ ಹೊಸದಾ? ಎರಡು ವರ್ಷ ಜೀನ್ಸ್ ಜೇಬಲ್ಲಿ ಬಾಗಿ, ನಾಲ್ಕು ಸಲ ನೆಲಕ್ಕೆ ಬಿದ್ದು, ಒಮ್ಮೆ ರಸ್ತೆ ಬದಿಯ ಅಂಗಡಿಯಲ್ಲಿ ಸ್ಕ್ರೀನ್ ಬದಲಾಯಿಸಿಕೊಂಡಿರುತ್ತೆ. ನೀರು ತಡೆಯುವ ಗುಣ ಬಳಸುತ್ತಾ ಕಡಿಮೆಯಾಗಬಹುದು ಅಂತ ಕಂಪನಿಗಳೇ ಬರೆದುಕೊಂಡಿವೆ. ನಮ್ಮ ಕಸುಬಿನವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. "ನನ್ನ ಮಷೀನ್‌ನಲ್ಲಿ ಸರಿಯಾಗೇ ಓಡುತ್ತೆ" ಅನ್ನೋ ಮಾತನ್ನ ನಾವೇ ದಿನಾ ಆಡ್ತೀವಿ, ದಿನಾ ಕೇಳ್ತೀವಿ. ಆದರೂ ಫೋನಿನ ವಿಷಯಕ್ಕೆ ಬಂದಾಗ ಲ್ಯಾಬಿನ ಫಲಿತಾಂಶವನ್ನೇ ಕಡಲಿಗೆ ತಗೊಂಡು ಹೋಗ್ತೀವಿ.

ತಪ್ಪು ಪೂರ್ತಿ ನಮ್ಮದೂ ಅಲ್ಲ. ಜಾಹೀರಾತಿನ ಚಿತ್ರ ಒಂದು ಹೇಳುತ್ತೆ, ಕೆಳಗಿನ ಸಣ್ಣಕ್ಷರ ಇನ್ನೊಂದು ಹೇಳುತ್ತೆ. ಆಸ್ಟ್ರೇಲಿಯಾದಲ್ಲಿ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಫೋನುಗಳನ್ನ ಈಜುಕೊಳದಲ್ಲಿ, ಸಮುದ್ರದಲ್ಲಿ ಬಳಸುವಂತೆ ತೋರಿಸಿ ಮಾರಿತ್ತು. ಅಲ್ಲಿಯ ಗ್ರಾಹಕ ಆಯೋಗ ನ್ಯಾಯಾಲಯಕ್ಕೆ ಹೋಯಿತು. 2022ರಲ್ಲಿ ಕಂಪನಿಗೆ 1.4 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಬಿತ್ತು. ಅದಕ್ಕೂ ಮೊದಲು, 2020ರಲ್ಲಿ, ಇಟಲಿಯ ಸ್ಪರ್ಧಾ ಪ್ರಾಧಿಕಾರ ಆ್ಯಪಲ್‌ಗೆ ಒಂದು ಕೋಟಿ ಯೂರೋ ದಂಡ ಹಾಕಿತು. ಇಷ್ಟು ಮೀಟರ್ ಆಳ ತಡೆಯುತ್ತೆ ಅಂತ ದೊಡ್ಡದಾಗಿ ಹೇಳಿ, ಅದು ಲ್ಯಾಬಿನ ಸ್ಥಿತಿಗೆ ಮಾತ್ರ ಅನ್ನೋದನ್ನ ಸ್ಪಷ್ಟವಾಗಿ ಹೇಳಲಿಲ್ಲ, ನೀರು ಹೊಕ್ಕರೆ ವಾರಂಟಿಯನ್ನೂ ಕೊಡಲಿಲ್ಲ ಅನ್ನೋದು ಅಲ್ಲಿನ ದೂರು.

ನಮ್ಮಲ್ಲಿ ಈ ವಾದ ನಡೆಯೋದು ಸರ್ವಿಸ್ ಸೆಂಟರ್ ಕೌಂಟರಿನಲ್ಲಿ. ನಮ್ಮ ಟೀಮಿನ ಹುಡುಗನೊಬ್ಬ ಗೋಕರ್ಣದಿಂದ ಬಂದವನು ಸತ್ತ ಫೋನು ಹಿಡಿದುಕೊಂಡು ಅಂಥದ್ದೊಂದು ಕಡೆ ಹೋಗಿದ್ದ. ನಾನೂ ಜೊತೆಗಿದ್ದೆ.

"ಸರ್, ಒಳಗಿನ ಇಂಡಿಕೇಟರ್ ಕೆಂಪಗಾಗಿದೆ. ಲಿಕ್ವಿಡ್ ಡ್ಯಾಮೇಜ್. ವಾರಂಟಿಗೆ ಬರಲ್ಲ."

"ವಾಟರ್‌ಪ್ರೂಫ್ ಅಂತ ತಾನೇ ಮಾರಿದ್ದು?"

"ರೆಸಿಸ್ಟೆಂಟ್ ಸರ್. ಪ್ರೂಫ್ ಅಲ್ಲ."

ಇಡೀ ವ್ಯಾಪಾರ ನಿಂತಿರೋದು ಆ ಎರಡು ಪದಗಳ ನಡುವಿನ ಸಂದಿಯಲ್ಲಿ. ಫೋಟೋ ಹೋದರೆ ಹೋಗಲಿ ಅನ್ನೋಣ. ಇವತ್ತು ಫೋನ್ ಹೋದರೆ ಯುಪಿಐ ಇಲ್ಲ, ಒಟಿಪಿ ಇಲ್ಲ, ವಾಪಸ್ ಬರುವ ಬಸ್ಸಿನ ಟಿಕೆಟ್ಟೂ ಇಲ್ಲ. (ಅಂದಹಾಗೆ, ಒದ್ದೆ ಫೋನನ್ನ ಅಕ್ಕಿ ಡಬ್ಬಿಯಲ್ಲಿ ಹೂಳಬೇಡಿ. ಅಕ್ಕಿಯ ಪುಡಿ ಒಳಗೆ ಸೇರಿ ಇನ್ನಷ್ಟು ಹಾಳಾಗಬಹುದು ಅಂತ ಆ್ಯಪಲ್ಲೇ ಹೇಳಿದೆ.)

ಹಾಗಾದರೆ ಯಾವುದನ್ನ ನೋಡಿ ಆರಿಸಬೇಕು? ಕ್ಯಾಮೆರಾ ಎಷ್ಟು ಆಳ ತಡೆಯುತ್ತೆ ಅಂತ ಕೇಳುವ ಮೊದಲು, ಆ ಹೊತ್ತಿಗೆ ನನ್ನ ಎರಡು ಕೈಗಳಿಗೆ ಏನು ಕೆಲಸ ಇರುತ್ತೆ ಅಂತ ಕೇಳಿಕೊಳ್ಳಬೇಕು. ಹಳ್ಳಿಯ ಬಾವಿಯಲ್ಲಿ ಈಜು ಕಲಿತ ಯಾರನ್ನಾದರೂ ಕೇಳಿ, ನೀರಲ್ಲಿ ಕೈ ಖಾಲಿ ಇರಬೇಕು ಅಂತ ಮೊದಲು ಹೇಳ್ತಾರೆ. ಈ ಅಳತೆ ಹಿಡಿದರೆ ರಜೆಯ ನೀರು ಮೂರು ಬಗೆ: ಪಕ್ಕದ ನೀರು, ಮೇಲಿನ ನೀರು, ಒಳಗಿನ ನೀರು.

ಪಕ್ಕದ ನೀರು ಅಂದರೆ ಜೋಗ, ಇರುಪ್ಪು, ಅಬ್ಬಿ. ಇಲ್ಲಿ ವಾಟರ್‌ಪ್ರೂಫ್ ಏನೂ ಬೇಡ. ಒಂದು ಛತ್ರಿ, ಲೆನ್ಸ್ ಒರೆಸೋಕೆ ಒಂದು ಒಣ ಬಟ್ಟೆ, ಅಷ್ಟೇ. ಎಸಿ ಕಾರಿನಿಂದ ಇಳಿದ ಕೂಡಲೇ ಲೆನ್ಸ್ ಮಂಜಾಗುತ್ತೆ. ಹತ್ತು ನಿಮಿಷ ಹೊರಗಿಟ್ಟುಕೊಂಡರೆ ತಾನೇ ಸರಿಹೋಗುತ್ತೆ. ನೀರು ಹಾಲಿನ ಹಾಗೆ ಇಳಿಯುವ ಫೋಟೋ ಬೇಕಾದರೆ ಟ್ರೈಪಾಡ್ ಇಟ್ಟು ಶಟರನ್ನ ಅರ್ಧ ಸೆಕೆಂಡು, ಒಂದು ಸೆಕೆಂಡು ತೆರೆದಿಡಿ. ಜೋಗ 253 ಮೀಟರ್ ಎತ್ತರದ ಜಲಪಾತ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಒಟ್ಟಿಗೆ ಚೌಕಟ್ಟಿನೊಳಗೆ ಬರೋದು ಎದುರಿನ ದಡದಿಂದಲೇ. ಹತ್ತಿರ ಹೋದಷ್ಟೂ ಜಲಪಾತ ಕಾಣಿಸಲ್ಲ, ತುಂತುರು ಮಾತ್ರ ಸಿಗುತ್ತೆ.

ಇಷ್ಟು ಸುಲಭವಾದ ಜಾಗದಲ್ಲೇ ಜನ ಹೆಚ್ಚು ಅಪಾಯ ತಂದುಕೊಳ್ತಿರೋದು. 2023ರ ಜುಲೈನಲ್ಲಿ ಕೊಲ್ಲೂರು ಬಳಿಯ ಅರಶಿನಗುಂಡಿಯಲ್ಲಿ ಬಂಡೆಯ ಮೇಲೆ ನಿಂತು ವಿಡಿಯೋ ಮಾಡಿಸಿಕೊಳ್ಳುತ್ತಿದ್ದ ಯುವಕ ಕಾಲು ಜಾರಿ ನೀರುಪಾಲಾದ. ಆ ವಿಡಿಯೋ ನಮ್ಮೆಲ್ಲರ ಫೋನಿಗೂ ಬಂತು. 2011ರಿಂದ 2017ರವರೆಗೆ ಜಗತ್ತಿನಲ್ಲಿ ಸೆಲ್ಫಿ ತೆಗೆಯುವಾಗ ಆದ 259 ಸಾವುಗಳ ಸುದ್ದಿಗಳನ್ನ ನಮ್ಮ ದೇಶದ ಸಂಶೋಧಕರೇ ಒಟ್ಟುಮಾಡಿ 2018ರಲ್ಲಿ ಪ್ರಕಟಿಸಿದರು. ಅತಿ ಹೆಚ್ಚು ಸಾವು ಭಾರತದಲ್ಲಿ. ಕಾರಣಗಳಲ್ಲಿ ಮೊದಲನೆಯದು ನೀರಲ್ಲಿ ಮುಳುಗಿದ್ದು. ಆ ಹೊತ್ತಿನಲ್ಲಿ ಫೋನಿನ ಮೇಲೆ ಎಷ್ಟು ಮೀಟರ್ ಬರೆದಿದ್ದರೆ ಏನು? ಪಾಚಿ ಕಟ್ಟಿದ ಬಂಡೆಗೆ ಯಾವ ರೇಟಿಂಗೂ ಇಲ್ಲ.

ಎರಡನೆಯದು ಮೇಲಿನ ನೀರು. ಗಣೇಶಗುಡಿಯಲ್ಲಿ ಕಾಳಿ ನದಿಯ ರಾಫ್ಟಿಂಗ್, ಕಡಲತೀರದ ಅಲೆ, ಕಯಾಕ್. ರಾಫ್ಟಿನಲ್ಲಿ ಎರಡೂ ಕೈ ಹುಟ್ಟಿನ ಮೇಲಿರಬೇಕು. ಅಂದಮೇಲೆ ಫೋನ್ ಲೆಕ್ಕಕ್ಕೇ ಬರಲ್ಲ, ಪೌಚ್ ಇದ್ದರೂ ಬರಲ್ಲ. ಕೆಲವು ನೂರು ರೂಪಾಯಿಯ ಆ ಪ್ಲಾಸ್ಟಿಕ್ ಪೌಚನ್ನ ನಾನು ಪೂರ್ತಿ ತೆಗಳಲ್ಲ. ಮಂಡಿಮಟ್ಟದ ನೀರಲ್ಲಿ, ದೋಣಿಯ ಮೇಲೆ, ಫೋನಿಗೆ ಉಪ್ಪುನೀರು ತಾಗದ ಹಾಗೆ ಅದು ಕಾಪಾಡುತ್ತೆ. ಒಯ್ಯುವ ಮುಂಚೆ ಒಳಗೆ ಫೋನಿನ ಬದಲು ಟಿಶ್ಯೂ ಪೇಪರ್ ಇಟ್ಟು ಬಕೆಟ್ಟಿನಲ್ಲಿ ಅರ್ಧ ಗಂಟೆ ಮುಳುಗಿಸಿ ನೋಡಿ. ಆದರೆ ಒಳ್ಳೆ ಫೋಟೋ ಮಾತ್ರ ಕೇಳಬೇಡಿ. ಲೆನ್ಸಿಗೂ ದೃಶ್ಯಕ್ಕೂ ನಡುವೆ ಗೀರು ಬಿದ್ದ, ಬೆವರು ಹಿಡಿದ ಒಂದು ಪರದೆ ಇರುತ್ತೆ. ನೀರೊಳಗೆ ಹೋದರೆ ಟಚ್ ಕೂಡ ಕೈಕೊಡುತ್ತೆ. ಕ್ಯಾಮೆರಾ ಮೊದಲೇ ತೆರೆದಿಟ್ಟು ವಾಲ್ಯೂಮ್ ಬಟನ್ನಿನಿಂದಲೇ ತೆಗೆಯಬೇಕು.

ಮೇಲಿನ ನೀರಿಗೆ ನನ್ನ ಮತ ಗೋಪ್ರೋ ಥರದ ಆ್ಯಕ್ಷನ್ ಕ್ಯಾಮೆರಾಕ್ಕೆ. ಅದರ ಹುಟ್ಟಿನ ಕಥೆಯಲ್ಲೇ ಕಾರಣ ಇದೆ. ನಿಕ್ ವುಡ್‌ಮನ್ 2002ರಲ್ಲಿ ಸರ್ಫಿಂಗ್‌ಗೆ ಹೋದಾಗ ಯೋಚಿಸಿದ್ದು ಕ್ಯಾಮೆರಾವನ್ನ ಮಣಿಕಟ್ಟಿಗೆ ಕಟ್ಟುವ ಪಟ್ಟಿಯ ಬಗ್ಗೆ. 2004ರಲ್ಲಿ ಬಂದ ಮೊದಲ ಗೋಪ್ರೋ ಒಂದು ಸಾದಾ 35 ಮಿಲಿಮೀಟರ್ ಫಿಲ್ಮ್ ಕ್ಯಾಮೆರಾ, ಜೊತೆಗೆ ಆ ಪಟ್ಟಿ. ಅಂದರೆ ಮೊದಲು ಬಂದಿದ್ದು ಕಟ್ಟುವ ಉಪಾಯ, ಲೆನ್ಸಿನ ಜಾಣತನ ಆಮೇಲಿನದು. ಎದೆಗೆ ಕಟ್ಟಿಕೊಂಡರೆ ಎರಡೂ ಕೈ ಖಾಲಿ. ಕೊರತೆಗಳೂ ಇವೆ. ಅದರ ಅಗಲ ನೋಟದಲ್ಲಿ ಎಲ್ಲವೂ ದೂರ ಸರಿಯುತ್ತೆ, ನಿಮಗೆ ಬೆಟ್ಟದಷ್ಟು ಕಂಡ ಅಲೆ ವಿಡಿಯೋದಲ್ಲಿ ತೊಟ್ಟಿಯ ಅಲೆಯಷ್ಟಾಗುತ್ತೆ. ಸಂಜೆಯ ಬೆಳಕಲ್ಲಿ ಚಿತ್ರ ಮಸುಕು. ವರ್ಷಕ್ಕೆ ಒಂದೇ ಸಲ ಬಳಸುವುದಾದರೆ ಕೊಳ್ಳುವುದು ದಂಡ. ಬೆಂಗಳೂರಲ್ಲಿ ದಿನದ ಬಾಡಿಗೆಗೆ ಸಿಗುತ್ತೆ.

ಎಲ್ಲಕ್ಕಿಂತ ಮುಖ್ಯ, ಅದು ತೇಲಲ್ಲ. ನಮ್ಮೂರ ಕಡೆ ಈಜು ಕಲಿಯುವ ಮಕ್ಕಳ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟುತ್ತಿದ್ದರು. ಕ್ಯಾಮೆರಾಕ್ಕೂ ಅಂಥದ್ದೇ ಬೇಕು. ತೇಲುವ ಪಟ್ಟಿ ಅಂತ ಮಾರ್ತಾರೆ, ಎದ್ದು ಕಾಣುವ ಕೇಸರಿಯದ್ದೋ ಹಳದಿಯದ್ದೋ ತಗೊಳ್ಳಿ. ಬಾವಿಗೆ ಬಿದ್ದ ಕೊಡವನ್ನ ಪಾತಾಳಗರಡಿ ಬಿಟ್ಟು ಎತ್ತಬಹುದು. ಅರಬ್ಬಿ ಸಮುದ್ರಕ್ಕೆ ಪಾತಾಳಗರಡಿ ಇಲ್ಲ.

ಮೂರನೆಯದು ಒಳಗಿನ ನೀರು. ಮುರ್ಡೇಶ್ವರದಿಂದ ದೋಣಿಯಲ್ಲಿ ಸುಮಾರು 19 ಕಿಲೋಮೀಟರ್ ಹೋದರೆ ನೇತ್ರಾಣಿ ದ್ವೀಪ. ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ಬೆಂಗಳೂರಿನ ಅರ್ಧ ಐಟಿ ಮಂದಿ ಮೊದಲ ಸಲ ಸ್ಕೂಬಾ ಮಾಡೋದು ಇಲ್ಲೇ. ಇಲ್ಲಿ ಮೀಟರಿನ ಅಂಕಿಗೆ ನಿಜವಾಗಿ ಅರ್ಥ ಇದೆ. ಮೊದಲ ಸಲದವರಿಗೆ ಪ್ಯಾಡಿ ಸಂಸ್ಥೆ ಇಟ್ಟಿರುವ ಗರಿಷ್ಠ ಮಿತಿ 12 ಮೀಟರ್. ಐಫೋನಿನ ಆರು ಅಲ್ಲಿಗೆ ಅರ್ಧ ದಾರಿ. ಹೀರೋ5ರಿಂದ ಈಚಿನ ಗೋಪ್ರೋ ಹೀರೋ ಬ್ಲ್ಯಾಕ್‌ಗಳು ಕವಚವಿಲ್ಲದೆ ಹತ್ತು ಮೀಟರ್, ಕವಚ ಹಾಕಿದರೆ 60. ಒಲಿಂಪಸ್‌ನ ಟಫ್ ಟಿಜಿ-6 ಥರದ ಗಟ್ಟಿ ಕಾಂಪ್ಯಾಕ್ಟ್ ಹದಿನೈದು.

ಆದರೆ ಆಳ ತಡೆದರೆ ಸಾಲದು. ನೀರು ಮೊದಲು ನುಂಗುವ ಬಣ್ಣ ಕೆಂಪು. ಕೆಲವೇ ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಕಂದಾಗಿ, ಹತ್ತರ ಹೊತ್ತಿಗೆ ಬಹುಪಾಲು ಮಾಯ. ಅದಕ್ಕೇ ಎಲ್ಲರ ಸ್ಕೂಬಾ ಫೋಟೋದಲ್ಲೂ ಮುಖ ಹಸಿರು-ನೀಲಿ, ಜ್ವರ ಬಂದವರ ಹಾಗೆ. ನೀರು ವಸ್ತುಗಳನ್ನ ಮೂರನೇ ಒಂದು ಪಾಲು ದೊಡ್ಡದಾಗಿಯೂ ತೋರಿಸುತ್ತೆ, ಹಾಗಾಗಿ ದೂರದ ಅಂದಾಜು ಕೆಡುತ್ತೆ. ಮದ್ದು ಎರಡೇ. ಮೇಲ್ಮಟ್ಟದಲ್ಲೇ ಇರಿ, ವಸ್ತುವಿಗೆ ಹತ್ತಿರ ಹೋಗಿ. ನಡುವೆ ನೀರು ಕಡಿಮೆ ಇದ್ದಷ್ಟೂ ಬಣ್ಣ ಉಳಿಯುತ್ತೆ. ಹತ್ತಿರ ಅಂದರೆ ಹವಳ ಮುಟ್ಟುವಷ್ಟಲ್ಲ, ಮೀನನ್ನ ಅಟ್ಟಿಸಿಕೊಂಡು ಹೋಗುವಷ್ಟೂ ಅಲ್ಲ. ಟಿಜಿ-6ರಲ್ಲಿ ನೀರೊಳಗಿನ ಬಣ್ಣಕ್ಕೆ ಪ್ರತ್ಯೇಕ ಮೋಡ್ ಇದೆ, ಒಂದು ಸೆಂಟಿಮೀಟರಿನಷ್ಟು ಹತ್ತಿರಕ್ಕೂ ಫೋಕಸ್ ಆಗುತ್ತೆ. ಪದೇ ಪದೇ ನೀರಿಗಿಳಿಯುವವರು, ಸ್ನಾರ್ಕಲ್ ಮಾಡಿ ಅಭ್ಯಾಸ ಇರುವವರು ದುಡ್ಡು ಹಾಕುವುದಾದರೆ ಇಂಥದ್ದಕ್ಕೆ ಹಾಕಲಿ.

ಮೊದಲ ಸಲದವರಿಗೆ ಮಾತ್ರ ನನ್ನ ಸಲಹೆ: ಏನೂ ಒಯ್ಯಬೇಡಿ. ಇಳಿಯುವಾಗ ಕಿವಿಯ ಒತ್ತಡ ಸರಿಮಾಡೋಕೆ ಮೂಗು ಹಿಡಿದು ಊದಬೇಕು, ಅದಕ್ಕೊಂದು ಕೈ. ಸಂಜ್ಞೆ ಮಾಡೋಕೆ ಇನ್ನೊಂದು ಕೈ. ಮೂರನೇ ಕೈ ನಮಗಿಲ್ಲ. ಬಹುತೇಕ ಪ್ಯಾಕೇಜುಗಳಲ್ಲಿ ಡೈವರೇ ಫೋಟೋ, ವಿಡಿಯೋ ತೆಗೆದುಕೊಡ್ತಾರೆ. ಆ ವಿಡಿಯೋಗಳ ಬಗ್ಗೆ ನನಗೆ ದೊಡ್ಡ ಗೌರವ ಏನಿಲ್ಲ. ಅದೇ ಓಕೆ ಸನ್ನೆ, ಅದೇ ಮೀನಿನ ಗುಂಪು, ಅದೇ ಹಿನ್ನೆಲೆ ಸಂಗೀತ. ಮಾಸ್ಕ್ ಹಾಕಿದ ಮೇಲೆ ಯಾರ ವಿಡಿಯೋ ಯಾರದು ಅಂತ ಗುರುತು ಹಿಡಿಯೋದೂ ಕಷ್ಟ. ಕತ್ತರಿಸದ ಮೂಲ ಫೈಲ್ ಕೇಳಿ ತಗೊಳ್ಳಿ, ನಿಮಗಾದ ಗಾಬರಿ, ಬೆರಗು ಇರೋದು ಅದರಲ್ಲೇ. ಇಷ್ಟೆಲ್ಲ ದೂರಿದ ಮೇಲೂ ಅದೇ ಸರಿಯಾದ ಆಯ್ಕೆ ಅಂತೀನಿ, ಯಾಕಂದರೆ ಕ್ಯಾಮೆರಾ ಹಿಡಿದವನಿಗೆ ನೀರು ಗೊತ್ತು.

ಯಾವುದನ್ನೇ ಒಯ್ಯಿರಿ, ಕಡಲಿಂದ ಎದ್ದ ಮೇಲೆ ಸಿಹಿ ನೀರಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆ ಮಾತ್ರ ಮುಚ್ಚಳ ತೆಗೆಯಿರಿ. ಅಂಗಡಿಯಲ್ಲಿ ಮಾರುವ ಹುಡುಗ "ಆರು ಮೀಟರ್ ಸರ್" ಅಂದರೆ ತಲೆಯಾಡಿಸಿ ಮೂರು ಪ್ರಶ್ನೆ ಕೇಳಿ: ಇದು ತೇಲುತ್ತಾ? ಮೈಗೆ ಕಟ್ಟಿಕೊಳ್ಳೋಕೆ ಆಗುತ್ತಾ? ಸಮುದ್ರದ ನೀರು ಒಳಗೆ ಹೋದರೆ ರಿಪೇರಿ ದುಡ್ಡು ಯಾರು ಕೊಡ್ತಾರೆ? ಅವನು ಮೂರನೇ ಪ್ರಶ್ನೆಗೆ ನಗುತ್ತಾನೆ. ಅಷ್ಟು ಸಾಕು, ಫೋನನ್ನ ರೂಮಿನಲ್ಲೇ ಬಿಟ್ಟು ಹೋಗಿ.