ಕಾವಲುಗಾರನ ಲೆಕ್ಕ: ಒಂದು ಪರಿಶೋಧನಾ ವರದಿಯ ವಿಮರ್ಶೆ

ಹಣ ಪಡೆಯುವವನೇ ಲೆಕ್ಕ ಬರೆದು, ಅದನ್ನು ತಾನೇ ತಾಳೆ ನೋಡಬಾರದೆಂಬುದು ವ್ಯಾಪಾರದ ಹಳೆಯ ನಿಯಮ. ಗುಮಾಸ್ತನ ಪ್ರಾಮಾಣಿಕತೆಯನ್ನು ಶಂಕಿಸಿ ಮಾಡಿದ ನಿಯಮವಿದಲ್ಲ. ಪ್ರಾಮಾಣಿಕನಿಗೂ ತನ್ನ ತಪ್ಪು ತನಗೆ ಕಾಣದು. ಬಸದಿಯ ಕಾಣಿಕೆ ಡಬ್ಬಿಯನ್ನು ಒಬ್ಬರೇ ಎಣಿಸದಿರುವುದೂ ಇದೇ ಕಾರಣಕ್ಕೆ. ಈ ನಿಯಮವನ್ನು ಅಣುಶಕ್ತಿಯ ಕ್ಷೇತ್ರಕ್ಕೆ ಅನ್ವಯಿಸಿ ನೋಡಿದ ದಾಖಲೆಯೊಂದುಂಟು. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಕಾರ್ಯವನ್ನು ಕುರಿತು ಭಾರತದ ಮಹಾಲೇಖಪಾಲರು 2012ರ ಆಗಸ್ಟಿನಲ್ಲಿ ಸಂಸತ್ತಿನ ಮುಂದಿರಿಸಿದ ಪರಿಶೋಧನಾ ವರದಿಯೇ ಅದು.

ಇದು ದೆಹಲಿಯ ಕಡತವೆಂದು ಕರಾವಳಿಯ ವಾಚಕರು ಬದಿಗಿಡಲಾಗದು. ನೆರೆಯ ಉತ್ತರ ಕನ್ನಡದ ಕಾಳಿ ನದಿಯ ದಂಡೆಯಲ್ಲಿ ಕೈಗಾ ಸ್ಥಾವರವಿದೆ. ಅದನ್ನು ವಿರೋಧಿಸಿದ ಕೋಟ ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿ 1989ರ ಲೋಕಸಭಾ ಚುನಾವಣೆಗೂ ನಿಂತರು. 1994ರ ಮೇ 13ರಂದು, ನಿರ್ಮಾಣದ ಹಂತದಲ್ಲಿದ್ದ ಅಲ್ಲಿನ ಗುಮ್ಮಟದ ಒಳಪದರದ ಕಾಂಕ್ರೀಟು ಕುಸಿಯಿತು. ಇಂಧನ ತುಂಬಿರದ ಕಾರಣ ವಿಕಿರಣ ಸೋರಲಿಲ್ಲ. 2009ರ ನವೆಂಬರಿನಲ್ಲಿ ಕುಡಿಯುವ ನೀರಿನ ಯಂತ್ರಕ್ಕೆ ಯಾರೋ ಟ್ರಿಟಿಯಂಯುಕ್ತ ಭಾರಜಲವನ್ನು ಬೆರೆಸಿದ್ದು ಕಾರ್ಮಿಕರ ಮೂತ್ರಪರೀಕ್ಷೆಯಿಂದ ಬಯಲಾಯಿತು. ನಿತ್ಯದ ತಪಾಸಣೆ ಇದ್ದುದರಿಂದಲೇ ದುಷ್ಕೃತ್ಯ ಹೊರಬಂದಿತೆಂಬುದನ್ನು ನ್ಯಾಯವಾಗಿ ಒಪ್ಪಬೇಕು. ಆ ತಪಾಸಣೆ ಯಾರ ಅಧೀನದಲ್ಲಿರಬೇಕೆಂಬುದೇ ವರದಿಯ ಮುಖ್ಯ ವಿಚಾರ.

ವರದಿಯ ಮೊದಲ ಗುಣ ಅದರ ನೇರ ನುಡಿ. 1983ರಲ್ಲಿ ಸರಕಾರಿ ಆದೇಶವೊಂದರಿಂದ ಹುಟ್ಟಿದ ಮಂಡಳಿಗೆ ಸ್ವತಂತ್ರ ಶಾಸನದ ಬಲವಿರಲಿಲ್ಲ. ಅದು ಪರಮಾಣು ಶಕ್ತಿ ಆಯೋಗಕ್ಕೆ ಉತ್ತರದಾಯಿಯಾಗಿತ್ತು; ಸ್ಥಾವರಗಳನ್ನು ನಡೆಸುವ ನಿಗಮವು ಪರಮಾಣು ಶಕ್ತಿ ಇಲಾಖೆಗೆ ಸೇರಿತ್ತು; ಆಯೋಗದ ಅಧ್ಯಕ್ಷರೂ ಇಲಾಖೆಯ ಕಾರ್ಯದರ್ಶಿಯೂ ಒಬ್ಬರೇ ಆಗಿದ್ದರು. ನಿಯಮ ರೂಪಿಸುವ ಅಧಿಕಾರ ಮಂಡಳಿಗಿರಲಿಲ್ಲ. ತಪ್ಪಿತಸ್ಥರಿಗೆ ವಿಧಿಸಬಹುದಾದ ದಂಡದ ಗರಿಷ್ಠ ಮೊತ್ತ 500 ರೂಪಾಯಿ! ವಿಕಿರಣ ಸುರಕ್ಷೆಯ ರಾಷ್ಟ್ರೀಯ ನೀತಿಯೊಂದನ್ನು ರೂಪಿಸಬೇಕೆಂದು ಆರಂಭದ ಆದೇಶದಲ್ಲಿಯೇ ಹೇಳಿದ್ದರೂ ಮೂರು ದಶಕಗಳಾದರೂ ಅದು ಸಿದ್ಧವಾಗಿರಲಿಲ್ಲ.

ಎರಡನೆಯ ಗುಣ, ಅದು ಸ್ಥಾವರಗಳಷ್ಟಕ್ಕೆ ನಿಲ್ಲದೆ ಆಸ್ಪತ್ರೆಗಳತ್ತಲೂ ನೋಡಿದುದು. ದೇಶದಲ್ಲಿದ್ದ 57,443 ವೈದ್ಯಕೀಯ ಎಕ್ಸ್‌ರೇ ಘಟಕಗಳಲ್ಲಿ ಮಂಡಳಿಯ ನೋಂದಣಿಯಲ್ಲಿದ್ದವು 5,270 ಮಾತ್ರ; ಉಳಿದ 52,173 ಲೆಕ್ಕದ ಹೊರಗಿದ್ದವು. ಪ್ರತಿ ರಾಜ್ಯದಲ್ಲಿಯೂ ವಿಕಿರಣ ಸುರಕ್ಷಾ ನಿರ್ದೇಶನಾಲಯವಿರಬೇಕೆಂದು ಸರ್ವೋಚ್ಚ ನ್ಯಾಯಾಲಯವು 2001ರಲ್ಲಿ ಹೇಳಿತ್ತು. 2012ರ ಜುಲೈವರೆಗೆ ಅದನ್ನು ಸ್ಥಾಪಿಸಿದ್ದವು ಕೇರಳ ಮತ್ತು ಮಿಜೋರಾಂ ಮಾತ್ರ. ಮಣಿಪಾಲದ ದೊಡ್ಡ ಆಸ್ಪತ್ರೆಯಿಂದ ಕಾಪು, ಕಾರ್ಕಳದ ಸಣ್ಣ ಚಿಕಿತ್ಸಾಲಯಗಳವರೆಗೆ ಓಡಾಡುವ ಕುಟುಂಬಗಳಿಗೆ ಕೈಗಾಕ್ಕಿಂತ ಹತ್ತಿರದ ಸಂಗತಿಯಿದು.

ದೋಷಗಳೂ ಇವೆ. ವರದಿಯು ಕಡತಗಳನ್ನು ಎಣಿಸಿತು. ರೋಗಿಯ ಮೈಗೆ ತಗಲಿದ ವಿಕಿರಣವನ್ನು ಅಳೆಯಲಿಲ್ಲ. ನೋಂದಣಿಯಾಗದ ಯಂತ್ರವೆಲ್ಲ ಅಪಾಯಕಾರಿಯಲ್ಲ, ನೋಂದಣಿಯಾದುದೆಲ್ಲ ನಿರಪಾಯವೂ ಅಲ್ಲ. ಎದೆಯ ಒಂದು ಎಕ್ಸ್‌ರೇಯಿಂದ ತಗಲುವ ವಿಕಿರಣ ಅತ್ಯಲ್ಪ, ಹೊಟ್ಟೆಯ ಸಿ.ಟಿ. ಸ್ಕ್ಯಾನಿನದು ಅದಕ್ಕಿಂತ ಬಹುಪಟ್ಟು ಹೆಚ್ಚು. ಈ ತಾರತಮ್ಯವನ್ನು ತಿಳಿಯದ ಸಾಮಾನ್ಯ ಓದುಗನು 52,173 ಎಂಬ ಅಂಕಿಯಿಂದ ಬೆದರಿ ಅವಶ್ಯ ಚಿಕಿತ್ಸೆಯನ್ನೇ ಬಿಟ್ಟಾನು. ಭಯವನ್ನು ಹುಟ್ಟಿಸುವ ಅಂಕಿಯ ಜೊತೆಗೆ ವಿವೇಕವನ್ನು ಹುಟ್ಟಿಸುವ ವಿವರಣೆಯೂ ಇರಬೇಕಿತ್ತು.

ಆದರೂ ವರದಿಯ ತಿರುಳು ಸತ್ಯ. 2010ರಲ್ಲಿ ದೆಹಲಿ ವಿಶ್ವವಿದ್ಯಾಲಯವು ಹರಾಜು ಹಾಕಿದ ಹಳೆಯ ಯಂತ್ರದೊಳಗಿನ ಕೋಬಾಲ್ಟ್-60 ಮಾಯಾಪುರಿಯ ಗುಜರಿ ಅಂಗಡಿ ಸೇರಿ ಒಬ್ಬನ ಜೀವ ತೆಗೆಯಿತು. ಅಲ್ಲಿ ಯಾರಿಗೂ ಕೊಲ್ಲುವ ಸಂಕಲ್ಪವಿರಲಿಲ್ಲ. ಇದ್ದುದು ಪ್ರಮಾದ, ಪ್ರಮಾದವೇ ಹಿಂಸೆಯ ಮೂಲವೆಂಬುದನ್ನು ಶ್ರಾವಕರಿಗೆ ಬೇರೆ ಹೇಳಬೇಕಾಗಿಲ್ಲ.

ವರದಿಗೆ ಮುನ್ನವೇ, 2011ರಲ್ಲಿ, ಸ್ವತಂತ್ರ ಪ್ರಾಧಿಕಾರಕ್ಕಾಗಿ ಮಂಡಿಸಿದ್ದ ಮಸೂದೆ 2014ರಲ್ಲಿ ಲೋಕಸಭೆಯ ಅವಧಿಯೊಂದಿಗೆ ಬಿದ್ದುಹೋಯಿತು. 2025ರ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ ‘ಶಾಂತಿ’ ಶಾಸನವು ಮಂಡಳಿಗೆ ಶಾಸನಬದ್ಧ ಸ್ಥಾನವನ್ನು ಕೊಟ್ಟಿತು; ಜೊತೆಗೇ ಖಾಸಗಿ ಸಂಸ್ಥೆಗಳಿಗೂ ಅಣುವಿದ್ಯುತ್ತಿನ ಬಾಗಿಲನ್ನು ತೆರೆಯಿತು. ಲಾಭದ ಆಸೆ ಒಳಬಂದಲ್ಲಿ ಕಾವಲುಗಾರನ ಕೆಲಸ ಹಿಂದಿಗಿಂತ ಕಠಿಣವಾಗುವುದೆಂದು ವರ್ತಕರಿಗಿಂತ ಚೆನ್ನಾಗಿ ಬಲ್ಲವರಾರು? ಸ್ಥಾನದ ಹೆಸರು ಬದಲಾದ ಮಾತ್ರಕ್ಕೆ ಕಾವಲು ಬಿಗಿಯಾಗದು. ಆದುದರಿಂದ 2012ರ ವರದಿಯನ್ನು ಹಳೆಯದೆಂದು ಕಟ್ಟಿಡದೆ, ಹೊಸ ವ್ಯವಸ್ಥೆಯನ್ನು ಅಳೆಯುವ ಮಾನದಂಡವಾಗಿ ಓದಬೇಕು.

ವಿಶ್ವಸ್ತ ಮಂಡಳಿಗಳು ತಮ್ಮ ಮಟ್ಟಿಗೆ ಮಾಡಬಹುದಾದುದೂ ಉಂಟು. ಔಷಧದಾನದ ಪುಣ್ಯಬುದ್ಧಿಯಿಂದ ಆಸ್ಪತ್ರೆಗೆ ಎಕ್ಸ್‌ರೇ ಯಂತ್ರವನ್ನು ಕೊಡುವಾಗ ನಿಯಂತ್ರಣ ಮಂಡಳಿಯ ಪರವಾನಗಿ, ನಿಯತಕಾಲಿಕ ಗುಣಪರೀಕ್ಷೆಯ ಪತ್ರ ಹಾಗೂ ಯಂತ್ರ ನಡೆಸುವವನ ವಿಕಿರಣಮಾಪಕ, ಈ ಮೂರನ್ನೂ ಕೇಳಬೇಕು. ಯಂತ್ರದ ಮೇಲೆ ದಾನಿಗಳ ಹೆಸರನ್ನು ಕೆತ್ತಿಸುವ ಮುನ್ನ ಆಗಬೇಕಾದ ಕೆಲಸವಿದು.